ಮರ ಮಲಗಿದೆಯೇ? ಬೋಧನಾಭ್ಯಾಸದಲ್ಲಿ ನಾಲ್ಕು ಕಲ್ಪನೆಯ ನಡಿಗೆಗಳು

ವಿಜ್ಞಾನದ ತರಗತಿಯಲ್ಲಿ ಕಲ್ಪನೆಗೆ ಎಷ್ಟು ಜಾಗ ಕೊಡಬಹುದು ಎಂಬ ಪ್ರಶ್ನೆ ಮೂರನೇ ಸೆಮಿಸ್ಟರಿನ ಇಂಟರ್ನ್‌ಶಿಪ್ ಉದ್ದಕ್ಕೂ ನನ್ನ ಜೊತೆಗಿತ್ತು. ಕನ್ನಡ ಬೋಧನಾ ವಿಷಯದ ಗೆಳತಿಯರಿಗೆ ಈ ತೊಂದರೆ ಇರಲಿಲ್ಲ. ‘ನೀನು ಮೋಡವಾಗಿದ್ದರೆ’ ಎಂದು ಶುರುಮಾಡಿ ಅವರು ಧಾರಾಳವಾಗಿ ಪ್ರಬಂಧ ಬರೆಸಬಹುದಿತ್ತು. ಅದೇ ವಾಕ್ಯ ಜೀವಶಾಸ್ತ್ರದ ಪಾಠಯೋಜನೆಯಲ್ಲಿ ಬಂದರೆ ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತಿತ್ತು. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವಳಾಗಿ ಆ ಚಿಹ್ನೆಯ ಅರ್ಥ ನನಗೂ ಗೊತ್ತು. ಸಸ್ಯಕ್ಕೆ ಆಸೆಯಿಲ್ಲ, ಉದ್ದೇಶವಿಲ್ಲ, ಬೇಸರವಿಲ್ಲ ಎಂದು ಮೂರು ವರ್ಷ ಕಲಿತವಳು ಹನ್ನೊಂದು ವರ್ಷದ ಮಕ್ಕಳ ಮುಂದೆ ನಿಂತು ‘ಈ ಮರ ಈಗ ಏನು ಮಾಡುತ್ತಿರಬಹುದು, ಊಹಿಸಿ’ ಎಂದು ಕೇಳಬಹುದೇ? ಕೇಳಿದ ಮೇಲೆ ಬರುವ ಉತ್ತರಗಳನ್ನು ಏನು ಮಾಡಬೇಕು?

ಆರನೇ ತರಗತಿಯ 34 ಮಕ್ಕಳೊಂದಿಗೆ ನಾಲ್ಕು ಶನಿವಾರ ಬೆಳಿಗ್ಗೆ ನಡೆಸಿದ ಹೊರಸಂಚಾರಗಳಲ್ಲಿ ಈ ಪ್ರಶ್ನೆಗೆ ನನಗೆ ಸಿಕ್ಕಿದ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಅದು ಪೂರ್ತಿ ಉತ್ತರವಲ್ಲ. ಆದರೆ ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಅಲ್ಲಿಂದ ಮುಂದಕ್ಕೆ ಹೋಗಬಹುದು.

ಹಿನ್ನೆಲೆ

ನನಗೆ ಹಂಚಿಕೆಯಾದದ್ದು ಬೆಂಗಳೂರು ದಕ್ಷಿಣ ಭಾಗದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳಲ್ಲಿ ಅರ್ಧದಷ್ಟು ಮಂದಿ ಹೊರಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳವರು. ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವವರೂ ಇದ್ದರು. ಶಾಲೆಯ ಅಂಗಳಕ್ಕೆ ಸಿಮೆಂಟು ಹಾಕಿದೆ. ಅಲ್ಲಿರುವುದು ಒಂದೇ ಒಂದು ಗಸಗಸೆ ಹಣ್ಣಿನ ಮರ. ಹತ್ತು ನಿಮಿಷ ನಡೆದರೆ ಬಡಾವಣೆಯ ಉದ್ಯಾನ ಸಿಗುತ್ತದೆ. ಎರಡು ಕಿಲೋಮೀಟರ್ ಆಚೆ ಲಾಲ್‌ಬಾಗ್. ಹೈದರ್ ಅಲಿ 1760ರಲ್ಲಿ ಆರಂಭಿಸಿದ, ಈಗ ಸುಮಾರು 240 ಎಕರೆಗೆ ಹರಡಿರುವ ಆ ಸಸ್ಯತೋಟಕ್ಕೆ ನಮ್ಮ ತರಗತಿಯ ಬಹುಪಾಲು ಮಕ್ಕಳು ಹೋಗಿಯೇ ಇರಲಿಲ್ಲ. ಹೋದವರೂ ಫಲಪುಷ್ಪ ಪ್ರದರ್ಶನದ ಜನಸಂದಣಿಯಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ಗಾಜಿನ ಮನೆ ನೋಡಿಬಂದವರು.

ಪಠ್ಯದಲ್ಲಿ ಸಸ್ಯಗಳ ಪಾಠವಿತ್ತು: ಮೂಲಿಕೆ, ಪೊದೆ, ಮರ; ತಾಯಿಬೇರು, ತಂತುಬೇರು; ಜಾಲಬಂಧ ಮತ್ತು ಸಮಾಂತರ ನಾಳವಿನ್ಯಾಸ. ನಾನು ಹೋಗುವ ಹೊತ್ತಿಗೆ ಪಾಠ ಮುಗಿದು ಕಿರುಪರೀಕ್ಷೆಯೂ ಆಗಿತ್ತು. ಆ ಉತ್ತರಪತ್ರಿಕೆಗಳನ್ನು ತಿರುವಿಹಾಕುವಾಗ ಯಾದಗಿರಿ ಕಡೆಯ ಒಬ್ಬ ಹುಡುಗನ ಪತ್ರಿಕೆ ಗಮನ ಸೆಳೆಯಿತು. ‘ಮರಗಳಿಗೆ ಎರಡು ಉದಾಹರಣೆ ಕೊಡಿ’ ಎಂಬುದಕ್ಕೆ ಅವನು ‘ಬೇವಿನ ಗಿಡ, ಹುಣಸಿ ಗಿಡ’ ಎಂದು ಬರೆದಿದ್ದ. ಎರಡಕ್ಕೂ ಸೊನ್ನೆ ಬಿದ್ದಿತ್ತು. ಉತ್ತರ ಕರ್ನಾಟಕದ ಮಾತಿನಲ್ಲಿ ದೊಡ್ಡ ಮರವೂ ‘ಗಿಡ’ವೇ. ಅವನಿಗೆ ಹುಣಸೆಮರ ಗೊತ್ತಿತ್ತು. ಪರೀಕ್ಷೆ ಕೇಳಿದ ಪದ ಮಾತ್ರ ಅವನ ಮನೆಯದಾಗಿರಲಿಲ್ಲ. ಅವನು ತರಗತಿಯಲ್ಲಿ ಬಾಯಿಬಿಡುತ್ತಿದ್ದುದು ಕಡಿಮೆ. ಬಾಯಿಬಿಟ್ಟರೆ ಉಳಿದವರು ನಗುತ್ತಿದ್ದರು.

ಮರದ ಹತ್ತಿರವೇ ಹೋಗಿ ಮಾತಾಡಿದರೆ ಹೇಗೆ ಎಂಬ ಯೋಚನೆ ಗಟ್ಟಿಯಾದದ್ದು ಆ ಪತ್ರಿಕೆ ನೋಡಿದ ಮೇಲೆ. ಮಾರ್ಗದರ್ಶಿ ಶಿಕ್ಷಕಿ ಒಪ್ಪಿದರು. ಎರಡು ಷರತ್ತು ಹಾಕಿದರು: ಪಠ್ಯ ಹಿಂದೆ ಬೀಳಬಾರದು, ಮಕ್ಕಳು ಹೋದಷ್ಟೇ ಮಂದಿ ವಾಪಸ್ ಬರಬೇಕು.

ಇರುವೆಯ ಎತ್ತರ

ಮೊದಲ ಶನಿವಾರ ಬಡಾವಣೆಯ ಉದ್ಯಾನಕ್ಕೆ ಹೋದೆವು. ನಾಲ್ಕು ಗುಂಪು, ಪ್ರತಿ ಗುಂಪಿಗೆ ಒಂದು ಮೀಟರ್ ಉದ್ದದ ದಾರ, ಒಂದು ಕೈಮಸೂರ. ದಾರವನ್ನು ನೆಲದ ಮೇಲೆ ವೃತ್ತವಾಗಿ ಹಾಕಿ, ‘ನೀವೀಗ ಇರುವೆ. ಈ ವೃತ್ತ ನಿಮ್ಮ ತಾಲ್ಲೂಕು. ಬೆಟ್ಟ ಯಾವುದು, ಹಳ್ಳ ಯಾವುದು, ಊಟ ಎಲ್ಲಿ, ಅಪಾಯ ಎಲ್ಲಿ, ಗುರುತಿಸಿ’ ಎಂದೆ.

ಇದಕ್ಕೆ ಮುಂಚೆ ಎರಡು ನಿಮಿಷ ‘ನೆಲದಲ್ಲಿ ಏನೇನು ಕಾಣುತ್ತದೆ, ಪಟ್ಟಿ ಮಾಡಿ’ ಎಂದು ಮಾತ್ರ ಹೇಳಿದ್ದೆ. ಆಗ ಬಂದ ಪಟ್ಟಿಗಳು ಒಂದೇ ಥರ ಇದ್ದವು: ಮಣ್ಣು, ಕಲ್ಲು, ಎಲೆ, ಕಾಗದ. ಇರುವೆಯಾದ ಮೇಲೆ ಮಕ್ಕಳು ಮಂಡಿಯೂರಿದರು. ಕೆಲವರು ಹೊಟ್ಟೆಯ ಮೇಲೆ ಮಲಗಿದರು. ಉದುರಿದ ಗಸಗಸೆ ಹಣ್ಣು ಒಂದು ಗುಂಪಿಗೆ ಸಕ್ಕರೆಯ ಗುಡ್ಡವಾಯಿತು. ಎರೆಹುಳದ ಮಣ್ಣಿನ ಗುಪ್ಪೆಗೆ ಇನ್ನೊಂದು ಗುಂಪು ನಂದಿಬೆಟ್ಟ ಎಂದು ಹೆಸರಿಟ್ಟಿತು. ‘ಮಿಸ್, ಇಲ್ಲಿ ಹುಲ್ಲಿನ ಬುಡದಲ್ಲಿ ನೆರಳಿದೆ, ಮೇಲೆ ಬಿಸಿಲಿದೆ. ಇರುವೆ ನೆರಳಲ್ಲೇ ಸುತ್ತಿಕೊಂಡು ಹೋಗ್ತಿದೆ’ ಎಂದು ಒಬ್ಬ ಹುಡುಗಿ ತೋರಿಸಿದಳು. ಅವಳು ಮೊದಲ ಪಟ್ಟಿಯಲ್ಲಿ ಬರೆದಿದ್ದದ್ದು ‘ಹುಲ್ಲು’ ಎಂಬ ಒಂದೇ ಪದ.

ಎದುರುಬದುರಾಗಿ ಬರುವ ಇರುವೆಗಳು ಕ್ಷಣ ನಿಂತು ಮೀಸೆ ತಾಗಿಸಿ ಮುಂದೆ ಹೋಗುವುದನ್ನು ನೋಡಿ ‘ಗುಟ್ಟು ಹೇಳ್ಕೊಳ್ತಿವೆ’ ಎಂದರು. ‘ಹಾಗಿದ್ದರೆ ದಾರಿಯನ್ನೂ ಹಾಗೇ ಹೇಳಿಕೊಡುತ್ತವೆಯೇ?’ ಎಂದು ಕೇಳಿದೆ. ಒಬ್ಬ ಹುಡುಗ ಬೆರಳಿನಿಂದ ಇರುವೆ ಸಾಲಿನ ನಡುವೆ ಒಂದು ಕಡೆ ನೆಲವನ್ನು ಚೆನ್ನಾಗಿ ಉಜ್ಜಿದ. ಸಾಲು ಅಲ್ಲಿಗೆ ಬಂದು ನಿಂತಿತು. ಇರುವೆಗಳು ಚದುರಿ ಅತ್ತಿತ್ತ ಹುಡುಕಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸಾಲು ಕೂಡಿಸಿದವು. ಮೀಸೆ ತಾಗಿಸುವುದೊಂದೇ ದಾರಿ ತೋರಿಸುವ ಉಪಾಯವಲ್ಲ, ನೆಲದ ಮೇಲೂ ಏನೋ ಇದೆ ಎಂದು ಮಕ್ಕಳೇ ತೀರ್ಮಾನಿಸಿದರು. ಇರುವೆಗಳು ನೆಲದಲ್ಲಿ ಬಿಟ್ಟುಹೋಗುವ ರಾಸಾಯನಿಕ ಗುರುತಿನ ವಿಷಯ ಹೇಳಲು ನನಗೆ ಆಮೇಲೆ ಎರಡೇ ವಾಕ್ಯ ಸಾಕಾಯಿತು.

ಅಂದು ನಾನು ನನ್ನ ದಿನಚರಿಯಲ್ಲಿ ಬರೆದುಕೊಂಡ ಮಾತು ಇದು: ಕಲ್ಪನೆ ಮಕ್ಕಳ ಕಣ್ಣನ್ನು ವಸ್ತುವಿನಿಂದ ಆಚೆ ಒಯ್ಯಲಿಲ್ಲ, ವಸ್ತುವಿನ ಹತ್ತಿರಕ್ಕೆ ತಂದಿತು.

ಮರ ಮಲಗಿದೆ

ಎರಡನೇ ನಡಿಗೆಯ ದಿನ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದಿತ್ತು. ನಮ್ಮ ವಿಜ್ಞಾನ ಬೋಧನಾ ವಿಧಾನದ ಉಪನ್ಯಾಸಕಿ ಪಾಠ ವೀಕ್ಷಣೆಗೆ ಬಂದಿದ್ದರು. ಉದ್ಯಾನದ ಮೂಲೆಯಲ್ಲಿ ಒಂದು ದೊಡ್ಡ ಮಳೆಮರವಿದೆ. ದಕ್ಷಿಣ ಅಮೆರಿಕ ಕಡೆಯಿಂದ ಬಂದು ಬೆಂಗಳೂರಿನ ರಸ್ತೆಗಳಿಗೆಲ್ಲ ಕೊಡೆ ಹಿಡಿದಿರುವ ಮರ ಅದು. ಅಂದು ಬೆಳಿಗ್ಗೆ ಅದರ ಕಿರುಎಲೆಗಳು ಅರ್ಧ ಮಡಚಿ ಜೋತಾಡುತ್ತಿದ್ದವು. ‘ಈ ಮರ ಈಗ ಏನು ಮಾಡುತ್ತಿದೆ?’ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಯಾದಗಿರಿಯ ಹುಡುಗ ಬಾಯಿಬಿಟ್ಟ: ‘ಟೀಚರ್ರೀ, ಗಿಡ ಮಲಕೊಂಡದ್ರೀ.’

ಎಂದಿನಂತೆ ನಗು ಎದ್ದಿತು. ನಗು ‘ಮಲಕೊಂಡದ’ ಎಂಬುದಕ್ಕೋ ‘ಗಿಡ’ ಎಂಬುದಕ್ಕೋ ಗೊತ್ತಿಲ್ಲ. ನಾನು ಅವನ ಮಾತನ್ನೇ ಹಿಡಿದು ಅವನನ್ನು ಕೇಳಿದೆ: ‘ಮಲಗಿದೆ ಅಂತ ನಿನಗೆ ಹೇಗೆ ಗೊತ್ತು?’ ಅವನು, ಊರಲ್ಲಿ ಹುಣಸಿ ಗಿಡದ ಎಲೆಗಳೂ ರಾತ್ರಿ ಹೀಗೇ ಮಡಚಿಕೊಳ್ಳುತ್ತವೆ, ಬೆಳಿಗ್ಗೆ ಬಿಚ್ಚುತ್ತವೆ ಎಂದ. ರಾತ್ರಿ ಕುರಿ ಕಾಯಲು ಅಜ್ಜನ ಜೊತೆ ಮಲಗುವಾಗ ನೋಡಿದ್ದನಂತೆ. ನಗು ನಿಂತಿತು. ಬೆಂಗಳೂರಿನಲ್ಲೇ ಹುಟ್ಟಿದ ಮಕ್ಕಳಾರೂ ರಾತ್ರಿಯ ಮರವನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಉಳಿದವರಿಗೂ ಧೈರ್ಯ ಬಂತು. ‘ಮಲಗಿಲ್ಲ, ಚಳಿಯಾಗಿದೆ’ ಎಂದಳು ಒಬ್ಬಳು. ‘ಕೊಡೆ ಮಡಚಿದೆ, ಮಳೆನೀರು ಬುಡಕ್ಕೆ ಬೀಳಲಿ ಅಂತ’ ಎಂದ ಇನ್ನೊಬ್ಬ. ಮೂರೂ ಊಹೆಗಳನ್ನು ರಟ್ಟಿನ ಮೇಲೆ ಬರೆದೆವು. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಇದು ನಿಜವಾಗಿದ್ದರೆ ಇನ್ನೇನು ಕಾಣಬೇಕು? ಕೊಡೆಯಾಗಿದ್ದರೆ ಮಳೆಯಿಲ್ಲದ ದಿನ ಮಡಚಬಾರದು. ಚಳಿಯಾಗಿದ್ದರೆ ಸೆಖೆಯ ಸಂಜೆ ಬಿಚ್ಚಿಯೇ ಇರಬೇಕು. ನಿದ್ದೆಯಾಗಿದ್ದರೆ ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಡಚಿ ಅದೇ ಹೊತ್ತಿಗೆ ಏಳಬೇಕು.

ವೀಕ್ಷಣಾ ನಮೂನೆಯಲ್ಲಿ ಮೇಡಂ ಬರೆದದ್ದು ಹೀಗಿತ್ತು: ‘ತೊಡಗಿಸಿಕೊಳ್ಳುವಿಕೆ ಚೆನ್ನಾಗಿದೆ. ಸಸ್ಯಕ್ಕೆ ಮನುಷ್ಯರ ಗುಣ ಆರೋಪಿಸಲಾಗಿದೆ. ತಪ್ಪು ಪರಿಕಲ್ಪನೆಯ ಅಪಾಯವಿದೆ.’ ನಂತರ ಮಾತಿಗೆ ಕುಳಿತಾಗ ಅವರು ಪಿಯಾಜೆಯನ್ನು ನೆನಪಿಸಿದರು. ನಿರ್ಜೀವ ವಸ್ತುಗಳಿಗೆ ಜೀವ, ಮರಕ್ಕೆ ಮನಸ್ಸು ಹಚ್ಚುವುದು ಚಿಕ್ಕ ಮಕ್ಕಳ ಆಲೋಚನಾ ಕ್ರಮ. ಅದರಿಂದ ಮಕ್ಕಳು ಹೊರಬರುತ್ತಿರುವ ವಯಸ್ಸಿನಲ್ಲಿ ಶಿಕ್ಷಕಿಯೇ ಅವರನ್ನು ಹಿಂದಕ್ಕೆ ಕರೆಯಬಾರದು ಎಂಬುದು ಅವರ ವಾದ. ಆ ವಾದವನ್ನು ನಾನು ಈಗಲೂ ತಳ್ಳಿಹಾಕುವುದಿಲ್ಲ.

ಆದರೆ ಆ ರಾತ್ರಿ ಓದುತ್ತಾ ಹೋದಾಗ ‘ಸಸ್ಯಗಳ ನಿದ್ರೆ’ ಎಂಬ ಮಾತಿಗೆ ವಿಜ್ಞಾನದಲ್ಲೇ ಹಳೆಯ ವಂಶಾವಳಿ ಇರುವುದು ಕಂಡಿತು. ಸಸ್ಯಗಳ ವರ್ಗೀಕರಣದ ಪಾಠದಲ್ಲಿ ನಾವೆಲ್ಲ ಓದುವ ಲಿನೇಯಸ್ 1755ರಲ್ಲಿ ಸಸ್ಯಗಳ ನಿದ್ರೆ ಎಂಬ ಹೆಸರಿನಲ್ಲೇ ಒಂದು ಪ್ರಬಂಧ ತಂದಿದ್ದಾನೆ. ಚಾರ್ಲ್ಸ್ ಡಾರ್ವಿನ್ ಮಗ ಫ್ರಾನ್ಸಿಸ್ ಜೊತೆಗೂಡಿ 1880ರಲ್ಲಿ ಪ್ರಕಟಿಸಿದ ಸಸ್ಯಚಲನೆಯ ಗ್ರಂಥದಲ್ಲಿ ಎಲೆಗಳ ನಿದ್ರಾಚಲನೆಗೆ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾನೆ. ಪ್ರಾಣಿಗಳ ನಿದ್ದೆಗೂ ಇದಕ್ಕೂ ವ್ಯತ್ಯಾಸವಿದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಪದವನ್ನು ಬಿಡಲಿಲ್ಲ, ಏಕೆಂದರೆ ಅದು ನೋಡಬೇಕಾದ ಕಡೆಗೆ ನೋಟವನ್ನು ತಿರುಗಿಸುತ್ತಿತ್ತು. ನಮ್ಮ ಹುಡುಗನ ಬಾಯಿಂದ ಬಂದದ್ದೂ ಅದೇ ಪದ.

ಮುಂದಿನ ಹತ್ತು ದಿನ ನಾಲ್ವರು ಮಕ್ಕಳು ತಮ್ಮ ಮನೆಯ ಹತ್ತಿರದ ಮಳೆಮರಗಳನ್ನು ಕಾದರು. ಯಾದಗಿರಿಯ ಹುಡುಗನ ಶೆಡ್ಡಿನ ರಸ್ತೆಯ ಕೊನೆಯಲ್ಲೇ ಒಂದು ಮರವಿತ್ತು. ಬೆಳಿಗ್ಗೆ 6, ಸಂಜೆ 5, 6 ಮತ್ತು 7 ಗಂಟೆಗೆ ನೋಡಿ ‘ಬಿಚ್ಚಿದೆ, ಅರ್ಧ, ಮುಚ್ಚಿದೆ’ ಎಂದು ಗುರುತು ಹಾಕಬೇಕಿತ್ತು. ಮಳೆಯಿಲ್ಲದ ಸಂಜೆಗಳಲ್ಲೂ ಎಲೆ ಮುಚ್ಚಿದವು, ಹಾಗಾಗಿ ಕೊಡೆಯ ಊಹೆ ಬಿದ್ದಿತು. ಸೆಖೆಯ ಸಂಜೆಯೂ ಮುಚ್ಚಿದವು, ಚಳಿಯ ಊಹೆಯೂ ಬಿದ್ದಿತು. ತನ್ನ ಊಹೆ ಬಿದ್ದ ಹುಡುಗಿ ‘ಹಾಗಾದ್ರೆ ಕತ್ತಲಾದ್ರೆ ಮುಚ್ಚುತ್ತೆ ಅಷ್ಟೇ, ನಿದ್ದೆಗಿದ್ದೆ ಏನಿಲ್ಲ’ ಎಂದು ಪಟ್ಟುಹಿಡಿದಳು. ಅದು ನಿಜಕ್ಕೂ ಒಳ್ಳೆಯ ತಕರಾರು.

ಅದಕ್ಕಾಗಿ ಕುಂಡದಲ್ಲಿದ್ದ ಮುಟ್ಟಿದರೆ ಮುನಿ ಗಿಡವೊಂದನ್ನು ತಂದು ಪ್ರಯೋಗಾಲಯದ ಮರದ ಬೀರುವಿನೊಳಗೆ ಇಟ್ಟೆವು. ಹಗಲೂ ಕತ್ತಲೆ, ರಾತ್ರಿಯೂ ಕತ್ತಲೆ. ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅಲುಗಾಡಿಸದೆ ಬಾಗಿಲು ತೆಗೆದಾಗ ಎಲೆಗಳು ಬಿಚ್ಚಿದ್ದವು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಹುಡುಗಿ ಕೇಳಿದಳು: ‘ಒಳಗೆ ಬೆಳಕೇ ಇಲ್ಲ. ಬೆಳಗಾಯ್ತು ಅಂತ ಇದಕ್ಕೆ ಯಾರು ಹೇಳಿದ್ರು?’

1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಡಿ ಮೈರಾನ್ ಇಂಥದೇ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ್ದೂ ಇದನ್ನೇ, ಎದ್ದ ಪ್ರಶ್ನೆಯೂ ಇದೇ. ಜೀವಿಗಳೊಳಗಿನ ಗಡಿಯಾರದ ಅಧ್ಯಯನ ಅಲ್ಲಿಂದ ಬೆಳೆಯಿತು. ಎಲೆತೊಟ್ಟಿನ ಬುಡದ ಉಬ್ಬಿನಲ್ಲಿ ನೀರಿನ ಒತ್ತಡ ಏರಿಳಿದು ಎಲೆ ಮಡಚುತ್ತದೆ, ಆ ಏರಿಳಿತಕ್ಕೆ ಒಳಗಿನ ಗಡಿಯಾರದ ಲಯವಿದೆ ಎಂದು ನಾನು ವಿವರಿಸಿದಾಗ ಮಕ್ಕಳು ಕೇಳಿಸಿಕೊಂಡ ರೀತಿಯೇ ಬೇರೆ. ಅವರು ಕಾಯುತ್ತಿದ್ದ ಉತ್ತರ ಅದು.

ಬಾಡಿಗೆ ಮನೆ

ಮೂರನೇ ಶನಿವಾರದ ಹೊತ್ತಿಗೆ ನನಗೆ ಒಂದು ಸಣ್ಣ ಕ್ರಮ ಸಿಕ್ಕಿತ್ತು. ಕಲ್ಪನೆಯ ಪ್ರತಿ ಮಾತಿನ ಹಿಂದೆ ಎರಡು ಪ್ರಶ್ನೆ ಬರಬೇಕು: ‘ಹಾಗಿದ್ದರೆ ಏನು ಕಾಣಬೇಕು?’ ಮತ್ತು ‘ಈ ಹೋಲಿಕೆ ಎಲ್ಲಿ ಮುರಿಯುತ್ತದೆ?’ ಮೊದಲನೆಯದು ಇರುವೆ ಮತ್ತು ಮಳೆಮರಗಳಿಂದ ಬಂದದ್ದು. ಎರಡನೆಯದನ್ನು ಮೇಡಂ ಅವರ ಆಕ್ಷೇಪದಿಂದ ಕಲಿತೆ.

ಅಂದು ಹೊಂಗೆಮರದ ಕೆಳಗೆ ಬಿದ್ದ ಎಲೆಗಳನ್ನು ಆಯ್ದೆವು. ಹೊಂಗೆ ಎಲೆಯ ಮೇಲೆ ಸಣ್ಣ ಗುಳ್ಳೆಗಳಿರುವುದನ್ನು ನೀವು ನೋಡಿರಬಹುದು. ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳು ಮಾಡಿಸಿಕೊಂಡ ಗೂಡುಗಳವು. ‘ಈ ಎಲೆಯಲ್ಲಿ ಯಾರೋ ಬಾಡಿಗೆಗಿದ್ದಾರೆ’ ಎಂದಷ್ಟೇ ಹೇಳಿದೆ. ಬೆಂಗಳೂರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಒಂದೇ ಎಲೆಯಲ್ಲಿ ಇಪ್ಪತ್ತು ಮನೆ, ವಠಾರ ಇದು’ ಎಂದು ಒಬ್ಬಳು ಎಣಿಸಿದಳು. ‘ಬಾಡಿಗೆ ಏನು ಕೊಡ್ತಾರೆ?’ ಎಂದು ಇನ್ನೊಬ್ಬ ಕೇಳಿದ. ಎಲೆಯನ್ನು ತಿರುವಿ ನೋಡಿದರು, ಪಕ್ಕದ ಗುಳ್ಳೆಯಿಲ್ಲದ ಎಲೆಯ ಜೊತೆ ಹೋಲಿಸಿದರು. ಮರಕ್ಕೆ ಏನೂ ಸಿಕ್ಕಂತೆ ಕಾಣಲಿಲ್ಲ. ‘ಅಡ್ವಾನ್ಸೂ ಇಲ್ಲ, ಬಾಡಿಗೇನೂ ಇಲ್ಲ, ಮನೆ ಮಾತ್ರ ಹಾಳು’ ಎಂಬುದು ತೀರ್ಪು. ಪರಾವಲಂಬನೆಗೆ ಇದಕ್ಕಿಂತ ಚೆನ್ನಾದ ವ್ಯಾಖ್ಯೆ ನನ್ನ ಪಾಠಯೋಜನೆಯಲ್ಲಿರಲಿಲ್ಲ.

ಅಲ್ಲಿಂದ ಅರಳಿಕಟ್ಟೆಗೆ ಹೋದೆವು. ಉದುರಿದ ಅರಳಿ ಹಣ್ಣನ್ನು ಉಗುರಿನಿಂದ ಸೀಳಿದರೆ ಒಳಗೆ ಹೂಗಳೇ ತುಂಬಿರುತ್ತವೆ. ಸೂಜಿಮೊನೆಯಷ್ಟು ಸಣ್ಣ ಕಣಜಗಳು ಅಲ್ಲಿ ಮೊಟ್ಟೆಯಿಟ್ಟು ಬೆಳೆಯುತ್ತವೆ. ಹೊರಗೆ ಹೋಗುವಾಗ ಪರಾಗ ಹೊತ್ತು ಇನ್ನೊಂದು ಮರದ ಎಳೆಗಾಯಿಗೆ ಮುಟ್ಟಿಸುತ್ತವೆ. ‘ಇವರು ಬಾಡಿಗೆ ಕೊಡೋರು’ ಎಂದರು ಮಕ್ಕಳು. ಪರಸ್ಪರ ಲಾಭದ ಸಹಜೀವನ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ಅದಕ್ಕೆ ಆಗಲೇ ಒಂದು ಮನೆ ಸಿಕ್ಕಿತ್ತು.

ಆಮೇಲೆ ಎರಡನೇ ಪ್ರಶ್ನೆ ಹಾಕಿದೆ: ಈ ಹೋಲಿಕೆ ಎಲ್ಲಿ ಮುರಿಯುತ್ತದೆ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ‘ಓನರ್ ಮನೆ ಖಾಲಿ ಮಾಡಿಸ್ತಾರೆ, ಮರ ಮಾಡಿಸಲ್ಲ’ ಎಂದಳು ಹಿಂದಿನ ಸಾಲಿನವಳು. ‘ಕಣಜಕ್ಕೆ ತಾನು ಬಾಡಿಗೆ ಕೊಡ್ತಿದೀನಿ ಅಂತ ಗೊತ್ತಿಲ್ಲ’ ಎಂದ ಒಬ್ಬ ಹುಡುಗ. ಈ ಎರಡನೇ ಉತ್ತರ ಕೇಳಿ ನನಗೆ ನಿಜವಾಗಿ ಸಮಾಧಾನವಾಯಿತು. ಉದ್ದೇಶವಿಲ್ಲದೆಯೂ ಉಪಯೋಗವಾಗಬಹುದು ಎಂಬುದು ಜೀವವಿಕಾಸದ ಪಾಠದ ಬಾಗಿಲು. ಆ ಬಾಗಿಲಿನವರೆಗೆ ಅವನು ಬಂದದ್ದು ಬಾಡಿಗೆಯ ಕಲ್ಪನೆಯನ್ನು ಹಿಡಿದುಕೊಂಡೇ.

ಮೂವತ್ತು ಹೆಜ್ಜೆ

ಕೊನೆಯ ನಡಿಗೆ ಲಾಲ್‌ಬಾಗ್ ಬಂಡೆಗೆ. ಕೆಂಪೇಗೌಡ ಗೋಪುರ ನಿಂತಿರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ದಖ್ಖನ್ನಿನ ನೆಲದಡಿ ಹರಡಿರುವ ಈ ಶಿಲೆಗೆ ಪೆನಿನ್ಸುಲಾರ್ ನೈಸ್ ಎಂಬ ಹೆಸರು ಬಂದದ್ದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರಿಂದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿ ಅಲ್ಲಿ ಫಲಕ ಹಾಕಿದೆ.

300 ಕೋಟಿ ಎಂಬ ಸಂಖ್ಯೆಯನ್ನು ಮಕ್ಕಳು ಓದಬಲ್ಲರು, ಸೊನ್ನೆಗಳನ್ನೂ ಬರೆಯಬಲ್ಲರು. ಅದರ ಉದ್ದ ಮಾತ್ರ ಅವರಿಗಾಗಲಿ ನನಗಾಗಲಿ ಅನುಭವಕ್ಕೆ ಬರುವುದಿಲ್ಲ. ಇಲ್ಲಿ ಕಣ್ಣಿಗೆ ಕಾಣುವುದು ಸಾಲದು, ಕಲ್ಪನೆಯೇ ಉಪಕರಣ. ಹಾಗಾಗಿ ಬಂಡೆಯ ಮೇಲೆ ಕಾಲದ ನಡಿಗೆ ಮಾಡಿದೆವು. ಒಂದು ಹೆಜ್ಜೆಗೆ ಹತ್ತು ಕೋಟಿ ವರ್ಷ. ಒಟ್ಟು ಮೂವತ್ತು ಹೆಜ್ಜೆ. ಬಂಡೆ ಹುಟ್ಟಿದ ದಿನದಿಂದ ಹೊರಟು ಇವತ್ತಿನವರೆಗೆ ಬರಬೇಕು. ದಾರಿಯಲ್ಲಿ ಹಸಿರು, ಪ್ರಾಣಿ ಏನಾದರೂ ಸಿಕ್ಕರೆ ನಾನು ಕೂಗಿ ಹೇಳಬೇಕು.

ಆರು ಹೆಜ್ಜೆಗೆ ಗಾಳಿಯಲ್ಲಿ ಆಮ್ಲಜನಕ ಸೇರತೊಡಗಿತು ಎಂದೆ. ಅಲ್ಲಿಂದ ಮುಂದೆ ನಾನು ಸುಮ್ಮನಿದ್ದೆ. ಹತ್ತು ಹೆಜ್ಜೆ, ಹದಿನೈದು, ಇಪ್ಪತ್ತು. ‘ಇನ್ನೂ ಏನೂ ಬರಲಿಲ್ವಾ ಮಿಸ್?’ ಎಂದು ಬೇಸರದ ದನಿಯಲ್ಲಿ ಕೇಳತೊಡಗಿದರು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಕಾಲ ಅದು. ಇಪ್ಪತ್ತೈದನೆಯ ಹೆಜ್ಜೆ ದಾಟಿದ ಮೇಲೆ ನೆಲದ ಮೇಲೆ ಮೊದಲ ಸಸ್ಯಗಳು ಬಂದವು. ಹೂಬಿಡುವ ಸಸ್ಯಗಳು ಬರಲು ಕೊನೆಯ ಒಂದೂಕಾಲು ಹೆಜ್ಜೆಯವರೆಗೆ ಕಾಯಬೇಕಾಯಿತು. ದೈತ್ಯ ಡೈನೋಸಾರ್‌ಗಳು ಅಳಿದದ್ದು ಕೊನೆಯ ಹೆಜ್ಜೆಯೊಳಗೆ. ಮನುಷ್ಯರಿಗೆ ಉಳಿದದ್ದು ಎಷ್ಟೆಂದು ಮಕ್ಕಳೇ ಲೆಕ್ಕ ಹಾಕಿದರು: ಹೆಜ್ಜೆ 50 ಸೆಂಟಿಮೀಟರ್ ಎಂದಾದರೆ, ಮೂರು ಲಕ್ಷ ವರ್ಷಕ್ಕೆ ಒಂದೂವರೆ ಮಿಲಿಮೀಟರ್. ಕೆಂಪೇಗೌಡರು ಬೆಂಗಳೂರು ಕಟ್ಟಿದ್ದನ್ನು ಗುರುತಿಸಲು ಅಳತೆಪಟ್ಟಿಯಲ್ಲಿ ಗೆರೆಯೇ ಇಲ್ಲ.

ಒಬ್ಬ ಹುಡುಗಿ ಕೊನೆಗೆ ಬೂಟಿನ ತುದಿ ನೋಡುತ್ತಾ ‘ಅಷ್ಟು ಹೊತ್ತು ಬಂಡೆ ಒಂದೇ ಇತ್ತಾ?’ ಎಂದಳು. ಆ ‘ಒಂದೇ’ ಎಂಬುದನ್ನು ತಿದ್ದಬೇಕೆಂದು ನನಗೆ ಅನ್ನಿಸಲಿಲ್ಲ. ಹತ್ತೊಂಬತ್ತು ಖಾಲಿ ಹೆಜ್ಜೆ ಇಟ್ಟವಳ ಮಾತು ಅದು.

ಅಳತೆಗೆ ಸಿಕ್ಕಿದ್ದು, ಸಿಗದಿದ್ದು

ಇಂಟರ್ನ್‌ಶಿಪ್ ಮುಗಿಯುವ ಮುನ್ನ ಘಟಕ ಪರೀಕ್ಷೆಯಲ್ಲಿ ಮೇಡಂ ಸೂಚಿಸಿದ ಒಂದು ಪ್ರಶ್ನೆ ಸೇರಿಸಿದೆ: ‘ಮಳೆಮರ ನಿದ್ರಿಸುತ್ತದೆ ಎಂಬ ಮಾತು ಎಷ್ಟು ಸರಿ, ಎಷ್ಟು ತಪ್ಪು?’ ಹೆಚ್ಚಿನ ಮಕ್ಕಳು ಎರಡೂ ಬದಿ ಬರೆದರು. ಒಬ್ಬಳ ಉತ್ತರ ಇಷ್ಟೇ: ‘ಕಣ್ಣು ಇಲ್ಲ, ಕನಸು ಇಲ್ಲ. ಆದರೆ ಟೈಮ್ ಇದೆ.’ ಆದರೆ ಆರು ಮಕ್ಕಳು ‘ಮರಕ್ಕೆ ಸುಸ್ತಾಗುತ್ತದೆ, ಅದಕ್ಕೆ ಮಲಗುತ್ತದೆ’ ಎಂದೇ ಬರೆದಿದ್ದರು. ಆ ಆರರಲ್ಲಿ ನಾಲ್ವರು ಬೀರುವಿನ ಬಾಗಿಲು ತೆಗೆದ ದಿನ ಶಾಲೆಗೆ ಬಂದಿರಲಿಲ್ಲ. ಕಲ್ಪನೆ ಮಾತ್ರ ಸಿಕ್ಕು ಪರೀಕ್ಷೆ ತಪ್ಪಿದರೆ ಏನಾಗುತ್ತದೆ ಎಂಬುದು ಇದರಿಂದ ಕಾಣುತ್ತದೆ. ಮೇಡಂ ಎಚ್ಚರಿಸಿದ ಅಪಾಯ ನಿಜವಾದದ್ದೇ. ಅದಕ್ಕೆ ಮದ್ದು ಕಲ್ಪನೆಯನ್ನು ತಡೆಯುವುದಲ್ಲ, ಅದನ್ನು ಮರದ ಬುಡದವರೆಗೆ ಕರೆದೊಯ್ದು ‘ಹೌದೇ?’ ಎಂದು ಕೇಳಿಸುವುದು.

ನಾವು ಕಲಿಕೆಯ ಮನೋವಿಜ್ಞಾನದಲ್ಲಿ ಓದುವ ವೈಗಾಟ್‌ಸ್ಕಿ, ಕಲ್ಪನೆ ಅನುಭವದ ಸಾಮಗ್ರಿಯಿಂದಲೇ ಕಟ್ಟಿಕೊಳ್ಳುತ್ತದೆ, ಅನುಭವ ಹೆಚ್ಚಿದಷ್ಟೂ ಅದು ಸಮೃದ್ಧವಾಗುತ್ತದೆ ಎಂದು ವಾದಿಸಿದವನು. ಪರೀಕ್ಷೆಗೆ ಕಂಠಪಾಠ ಮಾಡಿದ್ದ ಆ ಮಾತು ನನಗೆ ತಿಳಿದದ್ದು ಯಾದಗಿರಿಯ ಹುಡುಗನಿಂದ. ಅವನ ಕಲ್ಪನೆಗೆ ರಾತ್ರಿಯ ಹುಣಸೆಮರದ ಬಂಡವಾಳವಿತ್ತು. ತರಗತಿಯ ಕೋಣೆಯಲ್ಲಿ ಅದು ಚಲಾವಣೆಯಾಗದ ನಾಣ್ಯವಾಗಿತ್ತು. ನಡಿಗೆಗಳ ನಂತರ ಉಳಿದ ಮಕ್ಕಳು ಅವನನ್ನು ಮರಗಳ ಬಗ್ಗೆ ಕೇಳತೊಡಗಿದರು. ಕೆಲವರು ಮಳೆಮರವನ್ನು ‘ಮಳೆಗಿಡ’ ಎಂದೂ ಕರೆದರು. ಈ ಬದಲಾವಣೆಗೆ ಮೌಲ್ಯಮಾಪನ ನಮೂನೆಯಲ್ಲಿ ಅಂಕಣವಿಲ್ಲ.

ಏಳನೇ ವಾರದಲ್ಲಿ ಅವನ ರಸ್ತೆಯ ಮಳೆಮರದ ಕೊಂಬೆಗಳನ್ನು, ವಿದ್ಯುತ್ ತಂತಿಗೆ ತಾಗುತ್ತವೆ ಎಂದು ಕಡಿದುಹಾಕಿದರು. ಹತ್ತು ದಿನದ ಕೆಲಸ ಮುಗಿದ ಮೇಲೂ ಅವನು ತನ್ನ ಪಟ್ಟಿ ನಿಲ್ಲಿಸಿರಲಿಲ್ಲ ಎಂಬುದು ಗೊತ್ತಾದದ್ದು ಆಗಲೇ. ಆ ದಿನದ ಸಂಜೆ 6ರ ಮನೆಯಲ್ಲಿ ‘ಎಲಿ ಇಲ್ಲ’ ಎಂದು ಬರೆದಿತ್ತು. ನನ್ನ ಬಳಿ ಬಂದು ಕೇಳಿದ: ‘ಎಲಿ ಇಲ್ಲಂದ್ರ ಗಿಡಕ್ಕ ಸಂಜಿ ಆಗಿದ್ದು ಗೊತ್ತಾಗತದೇನ್ರೀ?’ ಹೊಸ ಚಿಗುರು ಬಂದ ದಿನದಿಂದ ಮತ್ತೆ ಗುರುತು ಹಾಕು, ಚಿಗುರು ಮೊದಲ ಸಂಜೆಯೇ ಮಡಚುತ್ತದೆಯೋ ನೋಡು ಎಂದೆ. ನಾನು ಶಾಲೆ ಬಿಡುವ ಹೊತ್ತಿಗೆ ಚಿಗುರು ಬಂದಿರಲಿಲ್ಲ. ಪಟ್ಟಿಯಲ್ಲಿ ‘ಎಲಿ ಇಲ್ಲ’ ಎಂಬ ನಮೂದು ದಿನಾ ನಾಲ್ಕು ಸಲ ಮುಂದುವರಿದಿತ್ತು.

ಮುಂದಿನ ಪ್ರಶಿಕ್ಷಣಾರ್ಥಿಗಳಿಗೆ

ಇಂಥ ನಡಿಗೆ ಮಾಡಲು ಲಾಲ್‌ಬಾಗ್ ಇರಲೇಬೇಕೆಂದಿಲ್ಲ. ಒಂದು ಅರಳಿಕಟ್ಟೆ, ರಸ್ತೆಬದಿಯ ಹೊಂಗೆ, ಕಾಂಪೌಂಡ್ ಗೋಡೆಯ ಪಾಚಿ ಸಾಕು. 80 ನಿಮಿಷಕ್ಕೆ ಒಂದೇ ಮರ ಅಥವಾ ಒಂದೇ ಪ್ರಶ್ನೆ ಇರಲಿ. ಎಂಟು ಮಕ್ಕಳಿಗೆ ಒಬ್ಬರಂತೆ ದೊಡ್ಡವರು ಬೇಕು. ನಾವು ಇಬ್ಬರು ಪ್ರಶಿಕ್ಷಣಾರ್ಥಿಗಳು, ಮಾರ್ಗದರ್ಶಿ ಶಿಕ್ಷಕಿ, ಎಸ್‌ಡಿಎಂಸಿಯ ಒಬ್ಬ ತಾಯಿ ಸೇರಿ ನಿಭಾಯಿಸಿದೆವು. ಮುಖ್ಯ ಶಿಕ್ಷಕರ ಲಿಖಿತ ಅನುಮತಿ, ಪೋಷಕರ ಒಪ್ಪಿಗೆ, ಉದ್ಯಾನದವರಿಗೆ ಮುಂಚಿತ ಮಾಹಿತಿ ಇರಲಿ. ಹಿಂದಿನ ದಿನ ನೀವೇ ಹೋಗಿ ನೋಡಿ. ಹೆಜ್ಜೇನು ಕಟ್ಟಿದ ಮರದ ಕೆಳಗೆ ನಿಲ್ಲಬೇಡಿ, ಕಂಬಳಿಹುಳ ಮುಟ್ಟಿದರೆ ತುರಿಸುತ್ತದೆ ಎಂದು ಮೊದಲೇ ಹೇಳಿ. ಬಿದ್ದದ್ದನ್ನು ಮಾತ್ರ ಎತ್ತಬೇಕು, ಕೀಳಬಾರದು ಎಂಬ ಒಂದೇ ನಿಯಮ ಮಕ್ಕಳು ಚೆನ್ನಾಗಿ ಪಾಲಿಸುತ್ತಾರೆ.

ಮರದ ಹೆಸರನ್ನು ಮೊದಲೇ ಹೇಳಬೇಡಿ. ಮಕ್ಕಳ ಮನೆಯಲ್ಲಿ ಅದಕ್ಕೇನು ಹೆಸರು ಎಂದು ಕೇಳಿ, ಬಂದ ಹೆಸರುಗಳನ್ನೆಲ್ಲ ಬರೆಯಿರಿ. ಪಠ್ಯದ ಹೆಸರು ಕೊನೆಗೆ ಬರಲಿ. ವಿಜ್ಞಾನವನ್ನು ಕನ್ನಡದಲ್ಲಿ ನಗುನಗುತ್ತಾ ಹೇಳಬಹುದು ಎಂಬುದಕ್ಕೆ, ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನಮ್ಮಲ್ಲೇ ಇದೆ. ನಡಿಗೆಗೆ ಹೊರಡುವ ಮುನ್ನ ಅದರ ಒಂದು ಅಧ್ಯಾಯ ಓದಿಕೊಂಡರೆ ಮಾತಿಗೆ ಹದ ಬರುತ್ತದೆ.

ನಮ್ಮ ಅಧ್ಯಾಪಕರಲ್ಲಿ ಒಂದು ಕೋರಿಕೆ. ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಕಲಿಕೋಪಕರಣ, ಮೌಲ್ಯಮಾಪನಕ್ಕೆ ಅಂಕಣಗಳಿವೆ. ಮೌಲ್ಯಮಾಪನದ ಪ್ರಶ್ನೆಗಳೆಲ್ಲ ನಾವು ಕೇಳುವವು. ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಅಂಕಣ ಬೇಕು: ‘ಮಗು ಕೇಳಿದ ಪ್ರಶ್ನೆ’. ಪಾಠಕ್ಕೆ ಮುಂಚೆ ಅದು ಖಾಲಿ ಇರುತ್ತದೆ. ಪಾಠ ಮುಗಿದ ಮೇಲೂ ಖಾಲಿಯೇ ಇದ್ದರೆ ವೀಕ್ಷಕರು ಅದರ ಬಗ್ಗೆ ನಮ್ಮನ್ನು ಕೇಳಲಿ.